ಕಾರಿಲ್ಲದ ಕಾರಿನ ಫೋಟೋ

ರವಿವಾರ, ೫ ಜನವರಿ ೧೯೭೫
ವಿಜಾಪುರ, ಹಾಸ್ಟೆಲ್

ಕೆಮಿಸ್ಟ್ರಿ ಓದಬೇಕು. ಓದಿಲ್ಲ. ಇಡೀ ರೋಲ್ ಮುಗಿಸಿ ಬಂದೆ. ಕ್ಯಾಮೆರಾ ರೂಮ್‌ಮೇಟ್ ಕಾಶಿಬಾಯಿಯದು. ಬೀಳಿಸಲಿಲ್ಲ, ಥ್ಯಾಂಕ್ ಗಾಡ್.

ನಮ್ಮ ಲಾಡಲೇಸಾಬಣ್ಣ ತಿಕೋಟಾದ ಮನೆಯಿಂದ ಅಂಬಾಸಿಡರ್ ತೊಳೆದು ತಂದಿದ್ದ. ಸೆಕೆಂಡ್ ಹ್ಯಾಂಡ್, ಆದರೆ ಸ್ವಂತದ್ದು. ಗೋಳಗುಮ್ಮಟದ ಮುಂದೆ ನಿಲ್ಲಿಸಿ, ಗೆಳೆಯನ ಕಪ್ಪು ಗಾಗಲ್ ಏರಿಸಿ, ಬಾನೆಟ್ ಮೇಲೆ ಕೈ. ಸಂಬಂಧಕ್ಕೆಂದು ಬಬಲೇಶ್ವರದ ಮುಮತಾಜಳ ಮನೆಗೆ ಕಳಿಸುವ ಫೋಟೋ. ಯಾರದೋ ಮದುವೆಯಲ್ಲಿ ಅವಳನ್ನು ಒಮ್ಮೆ ನೋಡಿದ್ದಾನೆ, ಅಷ್ಟೇ. ಅಂದಿನಿಂದ ಊಟ ಮಾಡುತ್ತಾ ತಾನೇ ನಗುತ್ತಾನಂತೆ. ಅವ್ವ ಹೇಳಿದ್ದು.

“ಗುಮ್ಮಟ ಅರ್ಧ ಬಂದ್ರೂ ನಡೀತೈತಿ, ಗಾಡಿ ಪೂರಾ ಬರ್ಲಿ” ಅಂದ.

“ಹೆಣ್ಣು ನೋಡಾಕತ್ತಿದ್ದು ಗಾಡಿಗೋ, ನಿನಗೋ?” ಅಂದೆ.

ಗುರುವಾರ, ೯ ಜನವರಿ

ಪ್ರಿಂಟ್ ಬಂದವು. ಅಣ್ಣ ಹಾಸ್ಟೆಲ್ ಗೇಟಿನಲ್ಲೇ ನಿಂತು ಆರಿಸಿದ. ಒಂದು ಪಾಸ್. ಉಳಿದವೆಲ್ಲ ರಿಜೆಕ್ಟ್—ಇದರಲ್ಲಿ ಚಕ್ರ ಕತ್ತರಿಸಿದೆ, ಅದರಲ್ಲಿ ಕಾರು ವಾಲಿದೆ...

ಅವುಗಳಲ್ಲೊಂದು ನನಗೆ ಇಷ್ಟ. ಗಾಗಲ್ ತೆಗೆದು, ಸೈಡ್ ಮಿರರಿನಲ್ಲಿ ನೋಡಿಕೊಂಡು ತಲೆ ಬಾಚುತ್ತಿದ್ದಾಗ ಒತ್ತಿದ್ದು. ಕನ್ನಡಿ ತುಂಬ ಅಣ್ಣನ ಮುಖ. ಅದರಲ್ಲೇ ನನ್ನನ್ನು ಕಂಡು ನಗುತ್ತಿದ್ದಾನೆ.

“ಇದರಾಗ ಕಾರ ಎಲ್ಲೈತಿ? ಬರೇ ಕನ್ನಡಿ. ಒಗಿ ಅತ್ತಾಗ.”

ಒಗೆಯಲಿಲ್ಲ. ಎಲ್ಲವೂ ಟ್ರಂಕಿನಲ್ಲಿವೆ.

ಗುರುವಾರ, ೨೩ ಜನವರಿ

ಸಂಬಂಧ ಹಚ್ಚಿದ ಮೌಲಾಸಾಬ ಮಾಮಾ ಬಂದಿದ್ದ. ಮುಖ ಸಣ್ಣದು.

“ಹುಡುಗಿ ಅಜ್ಜಿ ಪೀರಾಂಬಿ ತಕರಾರ ತಗದಾಳ. ಕರೀ ಚಸ್ಮಾ ಯಾಕ ಹಾಕ್ಯಾನ, ಕಣ್ಣ ನೆಟ್ಟಗ ಅದಾವಿಲ್ಲೋ, ಅಂತಾಳ.”

“ಅಣ್ಣನ್ನ ಕರ್ಕೊಂಡು ಹೋಗಿ ತೋರಿಸ್ರಿ ಮಾಮಾ.”

“ಅವರು ಕರೀದ ಹೆಂಗ ಹೋಗಾಕ ಬರ್ತೈತಿ? ಬ್ಯಾಡ ಅಂತ ಬಾಯಿಲೆ ಯಾರೂ ಹೇಳಂಗಿಲ್ಲವ್ವ. ಫೋಟೋ ಹೊಳ್ಳಿ ಬಂತಂದ್ರ ಮುಗೀತು.”

ಬಬಲೇಶ್ವರದ ಸಂಜೆ ಬಸ್ಸಿಗೆಂದು ಹೊರಟುಹೋದ. ತೆಗೆದವಳು ನಾನು. ಒಂದರಲ್ಲಾದರೂ ಗಾಗಲ್ ತೆಗೆ ಅನ್ನಬಾರದಿತ್ತೇ...

ಅದೇ ದಿನ, ಸಂಜೆ

ರಿಜೆಕ್ಟ್ ಎಲ್ಲ ಕಾಟಿನ ಮೇಲೆ ಹರಡಿದೆ. ಗಾಗಲ್, ಗಾಗಲ್, ಗಾಗಲ್. ಕೊನೆಗೆ—ಕನ್ನಡಿ. ಎರಡೂ ಕಣ್ಣು, ನೆಟ್ಟಗೆ, ನನ್ನನ್ನೇ ನೋಡುತ್ತಿವೆ.

ಓಡಿದೆ. ಚಪ್ಪಲಿ ಅದಲುಬದಲು, ಒಂದು ಕಾಶಿಯದು. ಬಸ್ ಸ್ಟ್ಯಾಂಡಿನಲ್ಲಿ ಮಾಮಾ ಚಹಾ ಕುಡಿಯುತ್ತಿದ್ದ. ಫೋಟೋ ತಿರುಗಾ ಮುರುಗಾ ಮಾಡಿ ನೋಡಿದ.

“ಕಾರ ಕಾಣಂಗಿಲ್ಲಲ್ಲ ಇದರಾಗ?”

“ಅಜ್ಜಿ ಕಾರಿನ ಕಣ್ಣ ಕೇಳ್ಯಾಳೇನ್ರಿ?”

ನಕ್ಕು ಜೇಬಿಗಿಟ್ಟುಕೊಂಡ. ಅಣ್ಣನಿಗೆ ಹೇಳಿಲ್ಲ. ಹೇಳುವ ಧೈರ್ಯವಿಲ್ಲ.

ರವಿವಾರ, ೨ ಫೆಬ್ರವರಿ
ತಿಕೋಟಾ, ಮನೆ

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಲಕೋಟೆ ಬಂತು. ಬಬಲೇಶ್ವರದಿಂದ. ಅವ್ವ ಹೊರಗಿನಿಂದಲೇ ಒತ್ತಿ ನೋಡಿದಳು. ಒಳಗೆ ದಪ್ಪ ಕಾಗದ.

“ಹೊಳ್ಳಿ ಬಂತ ನೋಡವ್ವ” ಎಂದು ಒಲೆಯ ಕಡೆ ಹೋದಳು.

ಅಣ್ಣ ಕೇಳಿಸಿಕೊಂಡ. ಬಟ್ಟೆ ತೆಗೆದುಕೊಂಡು ಕಾರು ಒರೆಸಲು ಹೋದ.

ನಾನೇ ಒಡೆದೆ. ಚೀಟಿ ಇಲ್ಲ. ಒಂದು ಫೋಟೋ. ಅರ್ಧ ಗುಮ್ಮಟ, ಪೂರಾ ಕಾರು, ಕಪ್ಪು ಗಾಗಲ್.

ಇನ್ನೊಂದು? ಲಕೋಟೆ ಜಾಡಿಸಿದೆ. ಹರಿದು ನೋಡಿದೆ. ನೆಲ, ಚಾಪೆಯ ಅಡಿ—ಎಲ್ಲೂ ಇಲ್ಲ. ಕನ್ನಡಿಯದು ಬಂದೇ ಇಲ್ಲ.

ಮೊದಲು ಬರೆದುಬಿಡುತ್ತೇನೆ, ಬರೆದರೆ ಖರೇ ಅನ್ನಿಸೀತು. ಅಣ್ಣ ಕಿಟಕಿಯಿಂದ ಕಾಣುತ್ತಿದ್ದಾನೆ. ಒರೆಸಿದ ಬಾನೆಟನ್ನೇ ಮತ್ತೆ ಒರೆಸುತ್ತಿದ್ದಾನೆ, ತಲೆ ಎತ್ತುತ್ತಿಲ್ಲ. ತಡಿಯಪ್ಪಾ, ಬಂದೆ. ನಿನ್ನ ಕಾರು ಅಷ್ಟೇ ವಾಪಸ್ ಬಂದಿದೆ. ನೀನು ಅಲ್ಲೇ, ಅವರ ಮನೆಯಲ್ಲೇ—