ಸೀಮೆಸುಣ್ಣದ ನಾಲ್ಕು ದಾರಿ

ಜೂನ್ ೧೯, ಭಾನುವಾರ

ಪ್ರೀತಿಯ ತಂಗೀ,

ನೀನು ಆರೋಗ್ಯವಾಗಿದ್ದೀಯೆಂದು ನಂಬಿಕೊಂಡೇ ಬರೆಯಲು ಕೂತಿದ್ದೇನೆ. ಎರಡು ಪತ್ರ ಬರೆದರೂ ಅಕ್ಕ ಉತ್ತರ ಹಾಕಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಮುನಿಸಿಕೋ, ಪರವಾಗಿಲ್ಲ. ನನ್ನ ಬಲಗೈ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡಿತ್ತು, ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ಅಳಲು ಶುರುಮಾಡುತ್ತೀ, ನಾನು ಬೈಯಲು ಶುರುಮಾಡುತ್ತೇನೆ, ಹೇಳಬೇಕಾದದ್ದು ಅಲ್ಲೇ ಉಳಿದುಬಿಡುತ್ತದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಆ ಯಂತ್ರಗಳ ಗಲಾಟೆಯಲ್ಲಿ ನಿಂತುಕೊಂಡು ಇದನ್ನು ಓದಬೇಡ. ಕೆಲಸ ಮುಗಿಸಿ ರೂಮಿಗೆ ಹೋಗಿ ಕೂತು ಓದು.

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮಗಳು ಗುಬ್ಬಿ ನನ್ನ ಮನೆಯಲ್ಲಿದ್ದಾಳೆ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಅವಳ ಬಲಗೈಯ ಎರಡು ಬೆರಳು ಮುರಿದಿವೆ. ಮುರಿದವನು ನಿನ್ನ ಗಂಡ. ಅವನ ತಲೆ ಒಡೆದವಳು ನಾನು.

ಈಗ ನಿಧಾನವಾಗಿ ಕೇಳು. ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಮುಂದೆ ಏನೇನು ಓದಿಸಬಹುದು ಎಂದು ತಿಳಿಸಿ ಹೇಳುವುದು ನಮ್ಮ ಶಾಲೆಯಲ್ಲಿ ನನ್ನ ಕೆಲಸ ತಾನೆ? ಪ್ರತಿವರ್ಷ ವೇದಿಕೆ ಮೇಲೆ ನಿಂತು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಮನೆಗೆ ಹೋಗಿ ಪಕ್ಕದ ಮನೆಯ ಮಗು ಏನು ತಗೊಂಡಿತೋ ಅದನ್ನೇ ತಮ್ಮ ಮಗುವಿಗೂ ಕೊಡಿಸುತ್ತಿದ್ದರು. ಅದಕ್ಕೇ ಈ ಸಲ ಭಾಷಣ ಬೇಡವೆಂದುಕೊಂಡೆ. ಸಭಾಂಗಣದ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ದಪ್ಪ ಗೆರೆ ಎಳೆದೆ. ವಿಜ್ಞಾನ, ವಾಣಿಜ್ಯ, ಕಲೆ, ಕಸುಬು. ಒಂದೊಂದು ಗೆರೆಯ ಪಕ್ಕದಲ್ಲೂ ಏನು ಓದಬೇಕು, ಆಮೇಲೆ ಎಲ್ಲಿಗೆ ಹೋಗಬಹುದು, ಯಾವ ಕೆಲಸ ಸಿಗುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಕಸುಬಿನ ಗೆರೆ ಡಿಪ್ಲೊಮಾ ದಾಟಿ, ಬಳಸಿಕೊಂಡು ಹೋಗಿ, ವಿಜ್ಞಾನದ ಗೆರೆಯಲ್ಲಿ ಬರುವ ಎಂಜಿನಿಯರಿಂಗಿಗೆ ಸೇರುವುದನ್ನೂ ತೋರಿಸಿದ್ದೆ. ಮಕ್ಕಳು ಮೊದಲು ಬಂದು ತಮಗೆ ಬೇಕಾದ ಗೆರೆಯ ಮೇಲೆ ನಿಲ್ಲಬೇಕು. ಆಮೇಲೆ ಬಾಗಿಲು ತೆಗೆಯುತ್ತೇವೆ. ಅಪ್ಪ ಅಮ್ಮ ಗೆರೆ ಹಿಡಿದು ನಡೆಯುತ್ತ, ಓದುತ್ತ, ತಮ್ಮ ಮಗು ಎಲ್ಲಿದೆಯೋ ಅಲ್ಲಿಗೆ ಹೋಗಿ ಸೇರಬೇಕು. ನೆಲಕ್ಕೆ ಬಗ್ಗಿ ಸೊಂಟ ಹಿಡಿದುಹೋಗಿತ್ತು, ಆದರೂ ಖುಷಿಯಲ್ಲಿದ್ದೆ.

ಬಂದರು, ನಡೆದರು. ಬ್ಯಾಂಕಿನ ಗುಮಾಸ್ತ ಕಲೆಯ ಗೆರೆಯನ್ನು ಪ್ಯಾಂಟು ಎತ್ತಿಕೊಂಡು, ಕೊಚ್ಚೆ ದಾಟುವ ಹಾಗೆ ದಾಟಿದ. ನಮ್ಮ ಬೀದಿಯ ಟೈಲರಮ್ಮ ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಮಾರ್ಕ್ಸ್ ಬರದೇ ಇರೋರ್ನ ತಾನೆ ಆ ಕೊನೇ ಗೆರೆಗೆ ತಳ್ಳೋದು?" ಎಂದಳು. "ನೀವು ಹೊಲಿಗೆ ಕಲಿತದ್ದು ಮಾರ್ಕ್ಸ್ ಬರದೇ ಇದ್ದದ್ದಕ್ಕಾ?" ಎಂದೆ. "ಹೌದು ಮತ್ತೆ!" ಎಂದು ನಕ್ಕಳು.

ನಿನ್ನ ಗಂಡನನ್ನು ಕರೆದವಳು ನಾನೇ. ಲಾರಿ ಬಾಡಿ ಕಟ್ಟುವವರಲ್ಲಿ ಅವನಷ್ಟು ಚೊಕ್ಕ ಕೆಲಸ ಮಾಡುವವರು ಈ ಸುತ್ತಮುತ್ತ ಯಾರಿದ್ದಾರೆ? ಕಸುಬಿನ ಗೆರೆಯ ಬಗ್ಗೆ ಅವನು ನಾಲ್ಕು ಮಾತು ಆಡಿದರೆ ಜನ ಕೇಳುತ್ತಾರೆ ಎಂದುಕೊಂಡೆ. ಫೋನಿನಲ್ಲಿ, "ನಿಮ್ಮನ್ನ ವೇದಿಕೆಗೆ ಕರೀತೀವಿ, ಗುಬ್ಬಿ ವಿಷಯಾನೂ ಬರುತ್ತೆ" ಎಂದಷ್ಟೇ ಹೇಳಿದೆ. ಮಗಳು ಗಣಿತದಲ್ಲಿ ಶಾಲೆಗೇ ಮೊದಲು ಬಂದಿದ್ದಾಳಲ್ಲ, ಅದಕ್ಕೆ ಸನ್ಮಾನ ಎಂದು ಅವನು ತಿಳಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಉಗುರಿನ ಸಂದಿಯ ಮಸಿಯನ್ನೂ ಉಜ್ಜಿ ತೊಳೆದುಕೊಂಡು ಬಂದ. ಮಗಳು ಡಾಕ್ಟರಾಗುವುದನ್ನು ನೋಡಲಿ ಎಂದು ಶೆಡ್ಡಿನ ಇಬ್ಬರು ಕೆಲಸಗಾರರನ್ನೂ ಕರೆತಂದಿದ್ದ. ನೆಟ್ಟಗೆ ವಿಜ್ಞಾನದ ಗೆರೆಯ ತುದಿಗೆ ಹೋಗಿ ನಿಂತುಕೊಂಡು, ನಗುನಗುತ್ತ ಮಗಳನ್ನು ಹುಡುಕಿದ.

ಗುಬ್ಬಿ ನಾಲ್ಕನೆಯ ಗೆರೆಯ ಮೇಲೆ ನಿಂತಿದ್ದಳು. ನೀನು ಮನೆ ಬಿಟ್ಟಮೇಲೆ ಸಂಜೆಯೆಲ್ಲ ಆ ಹುಡುಗಿ ಕಳೆದದ್ದು ಅಪ್ಪನ ಶೆಡ್ಡಿನಲ್ಲಿ. ಒಂದು ದಿನ ಕೆಲಸದವನು ಬರದಿದ್ದಾಗ ಲಾರಿಯ ಹಿಂಬಾಗಿಲನ್ನು ಅವಳೇ ವೆಲ್ಡ್ ಮಾಡಿದ್ದಳು. ಬೆಸುಗೆ ನೋಡಿ ಡ್ರೈವರು, "ಯಾರಪ್ಪಾ ಇದನ್ನ ಮಾಡಿದ್ದು?" ಎಂದನಂತೆ. ಅದನ್ನು ಎದೆಯುಬ್ಬಿಸಿಕೊಂಡು ನನಗೆ ಹೇಳಿದವನು ನಿನ್ನ ಗಂಡನೇ. ಅವನಿಗೆ ಅದೊಂದು ಆಟವಾಗಿತ್ತು, ಅವಳಿಗೆ ಆಗಿರಲಿಲ್ಲ.

"ಅಲ್ಲೇನೇ ಮಾಡ್ತಿದ್ದೀಯ? ಬಾ ಇಲ್ಲಿ," ಎಂದ, ಇನ್ನೂ ನಗುತ್ತಲೇ.

"ಇಲ್ಲೇ ಅಪ್ಪ. ಇದೇ ನನ್ನ ಗೆರೆ," ಎಂದಳು.

ಶೆಡ್ಡಿನವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಆ ನಗು ಒಂದಿಲ್ಲದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ನಿನ್ನ ಗಂಡ ನಡುವಿನ ಎರಡು ಗೆರೆ ದಾಟಿ ಬಂದು ಅವಳ ಕೆನ್ನೆಗೆ ಬಾರಿಸಿದ. ಆ ಕೈ ಎಂಥದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಅವಳು ಬಿದ್ದಳು, ಎದ್ದಳು. "ಇದ್ರಿಂದಾನೂ ಎಂಜಿನಿಯರಿಂಗಿಗೆ ಹೋಗ್ಬಹುದಪ್ಪ, ದೊಡ್ಡಮ್ಮ ಗೆರೆ ಎಳ್ದಿದ್ದಾರೆ ನೋಡು," ಎಂದು ಬೆರಳು ತೋರಿಸಿದಳು. ಅವನು ಅವಳ ಜಡೆ ಹಿಡಿದು ನೆಲದ ಮೇಲೆ ದರದರ ಎಳೆದುಕೊಂಡು ಹೋದ. ಕಲೆಯ ಗೆರೆ, ವಾಣಿಜ್ಯದ ಗೆರೆ, ನಾನು ಬರೆದ ಅಕ್ಷರವೆಲ್ಲ ಅವಳ ಯೂನಿಫಾರಮ್ಮಿಗೆ ಮೆತ್ತಿಕೊಂಡಿತು. ವಿಜ್ಞಾನದ ಗೆರೆಯ ಮೇಲೆ ಅವಳನ್ನು ನಿಲ್ಲಿಸಿ, "ಇಲ್ಲಿ ನಿಂತ್ಕೋ! ಅಲ್ಲಾಡಿದ್ರೆ ಸಾಯಿಸಿಬಿಡ್ತೀನಿ," ಎಂದ.

ನಿನ್ನ ಮಗಳು ಏನು ಮಾಡಿದಳು ಗೊತ್ತೇ? ಮೂಗಿನಿಂದ ರಕ್ತ ಸೋರುತ್ತಿತ್ತು. ಅಂಗೈಯಿಂದ ಒರೆಸಿಕೊಂಡು, ನಡೆದುಕೊಂಡು ಹೋಗಿ ಮತ್ತೆ ನಾಲ್ಕನೆಯ ಗೆರೆಯ ಮೇಲೆ ನಿಂತಳು. ಅವನು ಮತ್ತೆ ಎಳೆತಂದ, ಹೊಟ್ಟೆಗೆ ಒದ್ದ. ಅವಳು ಮತ್ತೆ ಹೋದಳು, ಈ ಸಲ ತೆವಳಿಕೊಂಡು.

ನಾನು ಆಗ ಏನು ಮಾಡುತ್ತಿದ್ದೆ? ಮೈಕಿನಲ್ಲಿ ಮಾತಾಡುತ್ತಿದ್ದೆ ಕಣೇ! "ಪೋಷಕರು ದಯವಿಟ್ಟು ಸಮಾಧಾನದಿಂದಿರಿ, ಕೂತು ಮಾತಾಡೋಣ" ಎಂದು ಮಾತಾಡುತ್ತಿದ್ದೆ. ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಸಭಾಂಗಣದ ತುಂಬ ಅಪ್ಪಂದಿರು, ಒಬ್ಬನೂ ಮುಂದೆ ಬರಲಿಲ್ಲ. ಒಂದಿಬ್ಬರು, "ಹೋಗ್ಲಿ ಬಿಡಿ, ಮನೇಲಿ ನೋಡ್ಕೊಳ್ಳಿ," ಎಂದರು. "ನಿಮ್ಮ ಮಾತು ಸಾಕು ಅತ್ತಿಗೆ. ನಿಮ್ಮ ತಂಗೀನೂ ಮಾತಿಂದಾನೇ ಕೆಟ್ಟಿದ್ದು," ಎಂದು ನಿನ್ನ ಗಂಡ ನನ್ನತ್ತ ಅರಚಿ, ಗೋಡೆಯ ಪಕ್ಕದ ಕಬ್ಬಿಣದ ಕುರ್ಚಿ ಎತ್ತಿಕೊಂಡ. ಗುಬ್ಬಿ ತಲೆಗೆ ಕೈ ಅಡ್ಡ ಹಿಡಿದಳು. ಕುರ್ಚಿ ಬಿತ್ತು. ಬೆರಳು ಮುರಿದ ಸದ್ದು ನನಗೆ ಕೇಳಿಸಿತು.

ಆಮೇಲೆ ನನ್ನ ಕೈಯಲ್ಲಿ ಮೈಕಿನ ಕಂಬ ಇತ್ತು. ಹೇಗೆ ಎತ್ತಿದೆನೋ, ವೇದಿಕೆಯಿಂದ ಹೇಗೆ ಇಳಿದೆನೋ ದೇವರಿಗೇ ಗೊತ್ತು. ಅದರ ಬುಡದಲ್ಲಿ ಕಬ್ಬಿಣದ ಬಿಲ್ಲೆ ಇರುತ್ತದಲ್ಲ, ಅದನ್ನು ಮೇಲೆ ಮಾಡಿ ಅವನ ಭುಜಕ್ಕೆ ಬೀಸಿದೆ. ಅವನು ತಿರುಗಿ ಕುರ್ಚಿಯನ್ನು ನನ್ನ ಮೇಲೂ ಎತ್ತಿದ. ಎರಡನೆಯದನ್ನು ತಲೆಗೆ ಹಾಕಿದೆ. ಮೈಕು ಇನ್ನೂ ಚಾಲೂ ಇತ್ತು, ಏಟಿನ ಸದ್ದು ನಾಲ್ಕೂ ಸ್ಪೀಕರಿನಲ್ಲಿ ಗುಡುಗಿತು. ಅವನು ಅಲ್ಲೇ ಕುಸಿದು ಕೂತ. ಬಿಳಿ ಶರ್ಟು ಕೆಂಪಾಯಿತು. ನಾನು ಮೂರನೆಯದಕ್ಕೂ ಎತ್ತಿದ್ದೆ, ಟೈಲರಮ್ಮ ಹಿಂದಿನಿಂದ ಬಂದು ತಬ್ಬಿ ಹಿಡಿದುಕೊಂಡಳು.

ಅವನು ನನ್ನ ಕಡೆ ಎರಡೂ ಅಂಗೈ ಚಾಚಿದ. ಕಿಡಿ ಬಿದ್ದು ಸುಟ್ಟ ಕಲೆ, ಮಡಚಲಾಗದ ಹೆಬ್ಬೆರಳು. "ನೋಡಿ ಅತ್ತಿಗೆ. ಇಂಥ ಕೈ ಅವಳಿಗೆ ಬೇಡಾಂತ ತಾನೆ ನಾನು ದುಡಿದು ಸತ್ತಿದ್ದು? ಕಣ್ಣು ಉರಿದು ರಾತ್ರಿ ಎಲ್ಲಾ ಒದ್ದೆ ಬಟ್ಟೆ ಕಟ್ಕೊಂಡು ಮಲಗ್ತೀನಿ. ಅವಳೂ ಹಾಗೇ ಮಲಗ್ಬೇಕಾ?" ಎಂದು ಗೋಳೋ ಎಂದು ಅತ್ತ. ತಪ್ಪನ್ನು ಅವನ ಕುಡಿತದ ಮೇಲೆ ಹಾಕೋಣವೆಂದರೆ ಆ ಪಾಪಿ ಕುಡಿಯುವುದೂ ಇಲ್ಲ. ಮಗಳ ಬೆರಳು ಮುರಿದು ಮಗಳ ಕೈ ಉಳಿಸಲು ಹೊರಟಿದ್ದ. ನನಗೆ ಒಂದು ಗಳಿಗೆ ಅಯ್ಯೋ ಎನ್ನಿಸಿತು, ಆಮೇಲೆ ಗುಬ್ಬಿಯ ಕೈ ನೋಡಿದೆ.

ಪೊಲೀಸರು ಬಂದು, "ತಲೆಗೆ ಹೊಡೆದದ್ದು ಯಾರು?" ಎಂದು ಕೇಳಿದರೆ, "ಯಾರೂ ಇಲ್ಲ, ಜಾರಿ ಬಿದ್ದೆ," ಎಂದನಂತೆ. ನೀನು ಡಾಕ್ಟರ ಮುಂದೆ ಎಷ್ಟು ಸಲ ಹೇಳಿದ ಮಾತು ಅದು! ಕೇಳಿ ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು. ಅಲ್ಲಿಗಾದರೂ ಮುಗಿಯಿತೇ ಎಂದರೆ ಇಲ್ಲ. ತಲೆಯ ಹೊಲಿಗೆ ಬಿಚ್ಚುವ ಮೊದಲೇ ಒಂದು ಬೆಳಿಗ್ಗೆ ನಮ್ಮ ಶಾಲೆಯ ಕಸುಬಿನ ಕೋರ್ಸಿನ ವರ್ಕ್‌ಶಾಪಿಗೆ ನುಗ್ಗಿ, ಬೀಗ ಒಡೆದು, ವೆಲ್ಡಿಂಗ್ ಮಷೀನನ್ನು ಸುತ್ತಿಗೆಯಿಂದ ಜಜ್ಜಿ ಚೂರು ಮಾಡಿದ. ಹಿಂದೆ ಅದೇ ಮಷೀನು ಕೆಟ್ಟಾಗ ಬಿಟ್ಟಿಯಾಗಿ ಸರಿಮಾಡಿಕೊಟ್ಟವನೂ ಅವನೇ. ಅಡ್ಡ ಬಂದ ಕಾವಲುಗಾರನ ಪಕ್ಕೆಲುಬು ಮುರಿಯಿತು. ಈಗ ಒಳಗಿದ್ದಾನೆ, ಸದ್ಯಕ್ಕೆ ಬಿಡುವುದಿಲ್ಲವಂತೆ.

ಗುಬ್ಬಿಗೆ ನಮ್ಮ ಶಾಲೆಯ ಆ ಕಸುಬಿನ ಕೋರ್ಸಿನಲ್ಲೇ ಸೀಟು ಸಿಕ್ಕಿದೆ. ಹೆಡ್‌ಮಿಸ್ ಸದ್ಯಕ್ಕೆ ತರಗತಿಯಲ್ಲಿ ಕೂರಿಸಿಕೊಂಡಿದ್ದಾರೆ. ಆದರೆ ಹೆತ್ತವರಲ್ಲಿ ಒಬ್ಬರು ಖುದ್ದಾಗಿ ಬಂದು ಒಪ್ಪಿಗೆ ಕೊಡಬೇಕು, ದೊಡ್ಡಮ್ಮ ಆಗುವುದಿಲ್ಲವಂತೆ. ಈ ತಿಂಗಳ ಕೊನೆಯೊಳಗೆ ನೀನು ಬರದಿದ್ದರೆ ಸೀಟು ಹೋಗುತ್ತದೆ. ಅವನು ಒಳಗಿದ್ದಾನೆ, ಇನ್ನು ನಿನಗೆ ಯಾವ ಹೆದರಿಕೆ? ಹೋದ ವಾರ ತರಗತಿ ಶುರುವಾಯಿತು. ಮೊದಲ ತಿಂಗಳು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವುದಷ್ಟೇ. ಬಲಗೈಗೆ ಪ್ಲಾಸ್ಟರ್ ಇದೆಯಲ್ಲ, ಎಡಗೈಯಲ್ಲೇ ಉಜ್ಜುತ್ತಾಳೆ. ಸಂಜೆ ಬಂದಾಗ ಕೂದಲ ತುಂಬ ಕಬ್ಬಿಣದ ಪುಡಿ.

ನನ್ನ ವಿಷಯಕ್ಕೆ ಬಂದರೆ, ಹೊಡೆದದ್ದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ ಎಂದೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ದಾರಿಯಲ್ಲಿ ಸಿಕ್ಕ ತಾಯಂದಿರು ಕೈ ಹಿಡಿದುಕೊಂಡು, "ಒಳ್ಳೇ ಕೆಲಸ ಮಾಡಿದ್ರಿ ಮೇಡಂ," ಎಂದರು. ಇಷ್ಟು ವರ್ಷ ಕೋರ್ಸುಗಳ ಬಗ್ಗೆ ಬಡಕೊಂಡದ್ದಕ್ಕೆ ಒಬ್ಬರೂ ಹಾಗೆ ಹೇಳಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿನೀರಿನಲ್ಲಿ ಕೈ ಇಟ್ಟು ಇಟ್ಟು ಚರ್ಮ ಸುಲಿಯುತ್ತಿದೆ ಎಂದು ನೀನು ಬರೆದಿದ್ದೆ, ಎಣ್ಣೆ ಹಚ್ಚಿಕೋ. ನಿನಗೆ ಒಳ್ಳೆಯದಾಗಲಿ, ನಿನ್ನ ಮಗಳಿಗೂ ಒಳ್ಳೆಯದಾಗಲಿ. ನಾನು ಬದುಕಿರುವವರೆಗೆ ನಿಮ್ಮಿಬ್ಬರಿಗೂ ಈ ಮನೆಯ ಬಾಗಿಲು ತೆಗೆದೇ ಇರುತ್ತದೆ.

ನಿನ್ನ
ಅಕ್ಕ

ತಾ. ಕ.: ಶುಕ್ರವಾರದ ವಿಷಯ ಬಿಟ್ಟುಬಿಡೋಣವೆಂದುಕೊಂಡಿದ್ದೆ, ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ವರ್ಕ್‌ಶಾಪಿನಲ್ಲಿ ಪಕ್ಕದ ಬೆಂಚಿನ ಹುಡುಗ ಗುಬ್ಬಿಯ ಪ್ಲಾಸ್ಟರ್ ನೋಡಿ ಏನೋ ಅಂದು ನಕ್ಕನಂತೆ. ಅವಳು ಒಂದು ಮಾತೂ ಆಡದೆ ಕೈಯಲ್ಲಿದ್ದ ಅರ ಬೀಸಿ ಅವನ ಮುಖಕ್ಕೆ ಹೊಡೆದಳು. ಹುಬ್ಬು ಸೀಳಿದೆ, ಕಣ್ಣು ಉಳಿಯುತ್ತದೋ ಇಲ್ಲವೋ ಡಾಕ್ಟರು ಇನ್ನೂ ಹೇಳಿಲ್ಲ. ಅವನ ತಾಯಿಗೆ ತಿಳಿಸಿ ಹೇಳಲು ಹೆಡ್‌ಮಿಸ್ ನನ್ನನ್ನೇ ಕಳಿಸಿದರು. ಆಸ್ಪತ್ರೆಯ ಬೆಂಚಿನ ಮೇಲೆ ಆ ಹೆಂಗಸಿನ ಪಕ್ಕದಲ್ಲಿ ಒಂದು ಗಳಿಗೆ ಕೂತು, ಅವಳ ಕೈಯಲ್ಲಿದ್ದ ಚೀಟಿ ತಗೊಂಡು ಹೋಗಿ ಔಷಧಿ ತಂದುಕೊಟ್ಟು ಎದ್ದು ಬಂದೆ.

ಮನೆಗೆ ಬಂದು ಗುಬ್ಬಿಯನ್ನು ಹಿಡಿದು ಅಲ್ಲಾಡಿಸಿದೆ. "ಬಾಯಲ್ಲಿ ಹೇಳೋಕೆ ಆಗ್ತಿರಲಿಲ್ವೇನೇ ನಿನಗೆ?" ಎಂದೆ.

ಅವಳಿಗೆ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಲೆಕ್ಕ ಬಿಡಿಸಿ ತೋರಿಸುವ ಹಾಗೆ ಹೇಳಿದಳು: "ನೀವು ಅಪ್ಪನಿಗೆ ಬಾಯಲ್ಲಿ ಎಷ್ಟೊಂದು ಹೇಳಿದ್ರಿ ದೊಡ್ಡಮ್ಮ, ಮೈಕಲ್ಲೂ ಹೇಳಿದ್ರಿ. ಅವರು ನಿಲ್ಲಿಸಿದ್ದು ಯಾವಾಗ?"

ಬೇಗ ಬಾ ತಂಗೀ. ಅವಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.