ಮೊರ ಹಿಡಿದ ವಿಧವೆಗೆ ಸಿಂಧೂರ ಹಚ್ಚಿಸುವವರಿಗೆ

ಕಾಳಿಪೂಜೆಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಈ ವರ್ಷ ಪೂಜೆಗೆ ಕೂರುವ ಯಾವ ಮೂರ್ತಿಯೂ ‘ಅಶುಭವಾಗಿ, ಜನರ ಭಾವನೆಗೆ ಒಗ್ಗದಂತೆ’ ಇರಬಾರದು ಎಂದು ನೀವು ಆದೇಶ ಹೊರಡಿಸಿದ್ದೀರಿ. ಹೆಸರು ಹೇಳಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜಲಂಗಿ ನದಿಯ ದಂಡೆಯ ಈ ಪಟ್ಟಣದಲ್ಲಿ ದಶಮಹಾವಿದ್ಯೆಯ ಹತ್ತೂ ದೇವಿಯರನ್ನು ಸಾಲಾಗಿ ಕೂರಿಸುವುದು ನಮ್ಮ ಕೇರಿಯಲ್ಲಿ ಮಾತ್ರ. ಆ ಹತ್ತು ಮಂದಿಯಲ್ಲಿ ವಿಧವೆ ಒಬ್ಬಳೇ, ಧೂಮಾವತಿ. ಅವಳನ್ನು ಮಾಡುತ್ತಿದ್ದವರು ನನ್ನ ಗಂಡ ಭೂಪತಿ ಪಾಲ್. ಅವರು ಕಳೆದ ಮಾಘದಲ್ಲಿ ತೀರಿಕೊಂಡರು. ಈಗ ಅವಳ ಮೈಗೆ ಮಣ್ಣು ಮೆತ್ತುತ್ತಿರುವವಳು ನನ್ನ ಮಗಳು ಝುಮುರ್. ಆದ್ದರಿಂದ ಆದೇಶ ಬಂದಿರುವುದು ನಮ್ಮ ಬಾಗಿಲಿಗೇ ಎಂದು ತಿಳಿದು ಬರೆಯುತ್ತಿದ್ದೇನೆ.

ನಾನು ಎಂಟನೇ ತರಗತಿಯವರೆಗೆ ಓದಿದವಳು. ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆದುಕೊಳ್ಳುವುದು ಬಿಟ್ಟರೆ ಬರವಣಿಗೆ ಗೊತ್ತಿಲ್ಲ, ಸಂಸ್ಕೃತವಂತೂ ಬಾರದು. ಆದರೆ ಮದುವೆಯಾಗಿ ಬಂದಾಗಿನಿಂದ ಪುರೋಹಿತರು ಹೇಳುವ ಅವಳ ಧ್ಯಾನಶ್ಲೋಕವನ್ನು ಕೇಳಿದ್ದೇನೆ, ಅರ್ಥ ಕೇಳಿ ತಿಳಿದಿದ್ದೇನೆ. ಬಣ್ಣಗೆಟ್ಟವಳು. ಎತ್ತರದ ಮೈ, ಕೊಳೆಯಾದ ಬಟ್ಟೆ, ಕೆದರಿದ ಕೂದಲು, ಅಲ್ಲೊಂದು ಇಲ್ಲೊಂದು ಉಳಿದ ಹಲ್ಲು. ಯಾವಾಗಲೂ ಹಸಿವು. ರಥದ ಮೇಲೆ ಕಾಗೆಯ ಬಾವುಟ. ಒಂದು ಕೈಯಲ್ಲಿ ಮೊರ, ಇನ್ನೊಂದು ವರ ಕೊಡುವ ಕೈ. ಇದನ್ನು ನನ್ನ ಗಂಡ ಕಟ್ಟಿ ಹೇಳಿದ್ದಲ್ಲ. ಹಳೆಯ ತಂತ್ರಗ್ರಂಥಗಳ ಮಾತು.

ಇನ್ನು ಮುಂದೆ ಪುರೋಹಿತರು ‘ವಿಧವೆಯೇ ಬಾ’ ಎಂದು ಕರೆಯುತ್ತಾರೆ. ಎದುರಿಗೆ ಬನಾರಸಿ ಸೀರೆಯುಟ್ಟು, ಬೈತಲೆಗೆ ಸಿಂಧೂರವಿಟ್ಟ ಮದುವಣಗಿತ್ತಿ ನಗುತ್ತ ಕೂತಿರುತ್ತಾಳೆ. ಕರೆಸಿಕೊಂಡವಳು ಎಲ್ಲಿಗೆ ಬರಬೇಕು? ಅಥವಾ ಮಂತ್ರವನ್ನೂ ನಿಮ್ಮ ಕಚೇರಿಯಲ್ಲಿ ತಿದ್ದಿ ಕಳಿಸುತ್ತೀರಾ? ನಮ್ಮ ಕೇರಿಯ ಹಿರಿಯರಿಗೆ ಬೇರೆಯದೇ ಭಯ. ಹಸಿದವಳು ಕರೆದರೆ ಬಂದೇ ಬರುತ್ತಾಳೆ. ತನ್ನದೆನ್ನುವ ಮಣ್ಣಿನ ಮೈ ಕಾಣದಿದ್ದರೆ ಯಾರ ಮನೆ ಹೊಕ್ಕು ಕೂರುತ್ತಾಳೋ ಎಂದು ಅವರು ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಿದ್ದಾರೆ.

ನಿಮಗೆ ಗೊತ್ತಿರಲಾರದ ಇನ್ನೊಂದು ಸಂಗತಿಯಿದೆ. ವಿಸರ್ಜನೆಯ ದಿನ ಮುತ್ತೈದೆಯರು ಉಳಿದ ದೇವಿಯರ ಬೈತಲೆಗೆ ಸಿಂಧೂರ ಹಚ್ಚಿ, ತುಟಿಗೆ ಸಂದೇಶ್ ಎಂಬ ಹಾಲಿನ ಸಿಹಿತಿಂಡಿ ತಾಗಿಸಿ ಬೀಳ್ಕೊಡುತ್ತಾರೆ. ಧೂಮಾವತಿಯ ಮುಂದೆ ಮಾತ್ರ ಕಣ್ಣು ತಗ್ಗಿಸಿ ದಾಟಿಹೋಗುತ್ತಾರೆ. ಆಮೇಲೆ ಬರುವವರು ವಿಧವೆಯರು. ಅವಳ ಮೊರಕ್ಕೆ ಮಂಡಕ್ಕಿ ಸುರಿದು, ಕೆನ್ನೆ ಸವರಿ, ‘ಹೋಗಿ ಬಾರಮ್ಮ’ ಎನ್ನುತ್ತಾರೆ. ಇಡೀ ಹಬ್ಬದಲ್ಲಿ ನಮ್ಮ ಕೈ ತಾಗಬಹುದಾದ ಮೂರ್ತಿ ಅದೊಂದೇ. ಅವಳಿಗೂ ಸಿಂಧೂರ ಹಚ್ಚಿದಿರೋ, ನಾವು ಮತ್ತೆ ಗೋಡೆಯ ಬದಿಗೆ.

ಕಳೆದ ವರ್ಷ ಪಕ್ಕದ ಕೇರಿಯ ಕ್ಲಬ್ಬಿನವರು ನಮ್ಮ ಮೂರ್ತಿ ಮಾಡುವ ಕೊಟ್ಟಿಗೆಗೆ ಬಂದರು. ಮುಂದೆ ಇದ್ದವನು ಲಾಲ್ಟು.

“ಏನ್ ಕಾಕಾ ಇದು? ಭಿಕ್ಷೆ ಬೇಡೋ ಮುದುಕೀನ ತಂದು ಕೂರ್ಸಿದ್ದೀರಾ? ದೇವಿ ಅಂದ್ರೆ ಹೀಗಿರ್ಬೇಕು, ನೋಡಿ” ಎಂದು ಮೊಬೈಲ್ ಹಿಡಿದ. ಹೊಳೆಯುವ ಮೈ, ಸಣ್ಣ ಸೊಂಟ, ಕೆಂಪು ಸೀರೆ.

ನನ್ನವರು ಕನ್ನಡಕ ಹಣೆಗೇರಿಸಿ ನೋಡಿದರು. “ಚೆಂದಾಗಿದ್ದಾಳಪ್ಪ. ಸೋಪು ಮಾರೋಕೆ ಆಗ್ತಾಳೆ. ಕಾಗೆ ಎಲ್ಲಿ?”

“ಕಾಗೆ ಯಾರಿಗೆ ಬೇಕು? ನವಿಲು ಹಾಕಿದ್ದಾರೆ, ಲುಕ್ಕು ಬರುತ್ತೆ.”

“ನವಿಲು ಕಾರ್ತಿಕೇಯಂದು ಕಣೋ. ಬೇರೆಯವರ ಗಾಡಿ ಹತ್ಕೊಂಡು ಬಂದ್ರೆ ಅವನು ಕಂಪ್ಲೇಂಟ್ ಕೊಡಲ್ವಾ?”

ಅವನ ಜೊತೆಯವರೇ ನಕ್ಕುಬಿಟ್ಟರು. ಲಾಲ್ಟು ನಗಲಿಲ್ಲ. “ದೇವೀಗೆ ಅವಮಾನ ಮಾಡಿ ಮೇಲೆ ತಮಾಷೆ ಬೇರೆನಾ, ಮುದುಕಾ?” ಎಂದು ಮೂರ್ತಿಗೆ ಒದ್ದ. ಹಸಿಮಣ್ಣಿನ ವರದ ಕೈ ಮುರಿದು ಬಿತ್ತು. ಎರಡನೆಯ ಒದೆತಕ್ಕೆ ನನ್ನವರು ಅಡ್ಡ ಬಂದರು. ಅದು ಅವರ ಪಕ್ಕೆಗೆ ಬಿತ್ತು. ಕೈಯನ್ನು ಝುಮುರ್ ಮತ್ತೆ ಜೋಡಿಸಿದಳು. ಪಕ್ಕೆ ಕೂಡಲಿಲ್ಲ. ಠಾಣೆಯವರು ‘ಒದ್ದೆ ಮಣ್ಣಿನಲ್ಲಿ ಜಾರಿ ಬಿದ್ದರು’ ಎಂದು ಬರೆದುಕೊಂಡರು.

ಮೊನ್ನೆ ಲಾಲ್ಟು ಮತ್ತೆ ಬಂದಿದ್ದ, ಬಹಳ ವಿನಯದಿಂದ. ಈ ಸಲ ಮೊಬೈಲಿನಲ್ಲಿ ದೇವಿಯ ಚಿತ್ರವಿರಲಿಲ್ಲ, ನಿಮ್ಮ ಆದೇಶವಿತ್ತು.

“ಕಾಕಿಮಾ, ಈಗ ನಾವು ಹೇಳ್ತಿಲ್ಲ, ಸರ್ಕಾರಾನೇ ಹೇಳ್ತಿದೆ. ಒಂದು ಕೆಂಪು ಸೀರೆ, ಚೂರು ಸಿಂಧೂರ, ಅಷ್ಟೇ. ಝುಮುರ್‌ಗೆ ಬುದ್ಧಿ ಹೇಳಿ. ಅವಳೂ ಅಪ್ಪನ ಥರ ಜಾರಿ ಬೀಳೋದು ಬೇಡ.”

ಝುಮುರ್ ತಲೆಯೆತ್ತದೆ ಮಣ್ಣು ನಾದುತ್ತಲೇ ಕೇಳಿದಳು: “ಲಾಲ್ಟುದಾ, ನಿನ್ನ ಅಜ್ಜಿನೂ ಬಿಳಿ ಸೀರೇಲೇ ಇದ್ದಾರಲ್ವಾ? ಮೊದಲು ಅವರಿಗೆ ಕೆಂಪು ಉಡ್ಸಿ ಬಾ. ಆಮೇಲೆ ಇವಳ ಮಾತು.”

ಅವನು ಸಿಟ್ಟಾಗಲಿಲ್ಲ. ಮೂರ್ತಿಯ ಒಡಲಿಗೆ ಕಟ್ಟಲು ಪೇರಿಸಿಟ್ಟಿದ್ದ ಹುಲ್ಲನ್ನು ಒಮ್ಮೆ ಮುಟ್ಟಿ ನೋಡಿದ. “ಈ ಸಲ ಹುಲ್ಲು ಚೆನ್ನಾಗಿ ಒಣಗಿದೆ, ಅಲ್ವಾ ಕಾಕಿಮಾ?” ಎಂದು ಹೊರಟುಹೋದ. ಅಂದಿನಿಂದ ನಾವು ಕೊಟ್ಟಿಗೆಯ ಸುತ್ತ ಕೊಡಗಳಲ್ಲಿ ನೀರು ತುಂಬಿಟ್ಟುಕೊಂಡಿದ್ದೇವೆ. ನಿಮ್ಮ ಆದೇಶದ ಮೊದಲ ಸಾಲಿನಲ್ಲಿ ‘ಶಾಂತಿ ಪಾಲನೆಗಾಗಿ’ ಎಂದಿದೆ. ಯಾರ ಶಾಂತಿ, ಮಾನ್ಯರೇ?

ನಾನು ಕೇಳುವುದು ಇಷ್ಟೇ. ಅಮಾವಾಸ್ಯೆಯೊಳಗೆ ಆ ಸಾಲನ್ನು ಹಿಂತೆಗೆದುಕೊಳ್ಳಿ. ಧ್ಯಾನಶ್ಲೋಕದಲ್ಲಿ ಹೇಗಿದ್ದಾಳೋ ಹಾಗೆಯೇ ಧೂಮಾವತಿ ಕೂರಬಹುದು ಎಂದು ನಿಮ್ಮ ಸಹಿ ಹಾಕಿ ಪ್ರಕಟಿಸಿ. ನೀವು ಹಿಂತೆಗೆಯದಿದ್ದರೂ ನನ್ನ ಮಗಳು ಮೂರ್ತಿಯನ್ನು ಬದಲಿಸುವುದಿಲ್ಲ. ಅಂದು ಬೆಳಿಗ್ಗೆ ಕೇರಿಯ ವಿಧವೆಯರೆಲ್ಲ ಅವಳ ಸುತ್ತ ಕೂರುತ್ತೇವೆ. ನಮ್ಮ ಮುಖಗಳೂ ಬಣ್ಣಗೆಟ್ಟಿವೆ, ನಮ್ಮ ಹಲ್ಲುಗಳೂ ಉದುರಿವೆ. ಲಾಲ್ಟು ಬರುತ್ತಾನೆ, ಅವನ ಜೇಬಿನಲ್ಲಿ ನಿಮ್ಮ ಆದೇಶವಿರುತ್ತದೆ. ಅಶುಭವೆಂದರೆ ಮಣ್ಣಿನವಳು ಮಾತ್ರವೋ, ನಾವೂ ಸೇರಿದ್ದೇವೋ ಎಂಬುದನ್ನು ನೀವು ಅದರಲ್ಲಿ ಬರೆದಿಲ್ಲ. ಅವನು ಬರುವ ಮೊದಲು ಅಷ್ಟನ್ನಾದರೂ ಸ್ಪಷ್ಟಪಡಿಸಿ.

ಇಂತಿ,
ಕಳೆದ ಮಾಘದವರೆಗೆ ಶುಭವಾಗಿಯೇ ಇದ್ದ
ಶೈಲಬಾಲಾ ಪಾಲ್