ಬಾಲದ ಎರಡು ಬಣ್ಣ

ಹುಲೇಕಲ್
ಶುಕ್ರವಾರ, ೧೪ ಮಾರ್ಚ್ ೨೦೨೫, ಮಧ್ಯಾಹ್ನ. ಅಂಗಳದಲ್ಲಿ ಮಂಗಗಳ ಬೋನು, ಜಗಲಿಯಲ್ಲಿ ಕಾವಲಿಗೆ ಅತ್ತೆ.

ಪ್ರೀತಿಯ ರಾಘಣ್ಣಾ,

ನಿನ್ನ ಮೊಣಕಾಲು ನೋವು ಹೇಗಿದೆ? ಅತ್ತಿಗೆಯ ಕೆಮ್ಮು ನಿಂತಿತೇ? ನೀನು ಫೋನ್ ಎತ್ತುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಸ್ಸಿನ ಮಂಜಪ್ಪ ಸಂಜೆಯೊಳಗೆ ನಂದೊಳ್ಳಿಗೆ ಮುಟ್ಟಿಸುತ್ತೇನೆ ಎಂದಿದ್ದಾನೆ.

ಕಳೆದ ವಾರ ನಮ್ಮ ಬಾಳೆಗೆ ಮಂಗಗಳ ಹಿಂಡು ನುಗ್ಗಿತು. ಅದರಲ್ಲಿ ಕಿವಿ ಹರಿದ ಒಂದು ಹೆಣ್ಣು, ಹೊಟ್ಟೆಗೆ ಅವುಚಿಕೊಂಡ ಮರಿ. ಬಾಲದ ತುದಿಗೆ ಹಸಿರು ಬಣ್ಣ. ಹಿಡಿದು ಬಿಟ್ಟ ಮಂಗ ತಿರುಗಿ ಬಂದರೆ ಗುರುತು ಸಿಗಲಿ ಎಂದು ನೀವೂ ನಾವೂ ಬಳಿಯುತ್ತೇವಲ್ಲ, ಅದು. ನಿಮ್ಮ ಗೇಟಿನದೇ ಹಸಿರು. ಅತ್ತೆ ನೆರೆಮನೆಗೂ ಕೇಳುವ ಹಾಗೆ, "ನೋಡೇ, ನಿನ್ನ ತವರ್ಮನೆ ಬಾಗಿನ ಬಂತು! ಎಂತಾ ಚೆಂದ ಬಣ್ಣ ಬಳಿದು ಕಳಿಸಿದಾನೆ ನಿನ್ನಣ್ಣ!" ಎಂದರು.

ನಾನು ಸುಮ್ಮನಿರಬಹುದಿತ್ತು. "ಹಸಿರಿನ ಪಕ್ಕ ನೀಲಿನೂ ಇದೆ ಅತ್ತೇ. ನೀಲಿ ನಿಮ್ಮ ಮಗ ಬಳಿದಿದ್ದು" ಎಂದೆ. ದೀಪಾವಳಿ ಕಳೆದ ಮೇಲೆ ಇವರು ಅದೇ ಮಂಗವನ್ನು ನಿಮ್ಮೂರ ಕಾಡಂಚಿಗೆ ಬಿಟ್ಟು ಬಂದಿದ್ದರು. ಅತ್ತೆ ಕೋಲು ಹಿಡಿದು ತೋಟಕ್ಕೆ ಓಡಿದರು. ಆದರೆ ಅಷ್ಟು ಹೊತ್ತಿಗೆ ತೋಟದಲ್ಲಿ ಒಂದು ಗೊನೆಯೂ ಉಳಿದಿರಲಿಲ್ಲ. ನಿನಗೆ ಫೋನ್ ಮಾಡಿ ಹೀಗೇಕೆ ಮಾಡಿದೆ ಎಂದರೆ ನೀನೂ ನನ್ನ ಹಾಗೇ ಉತ್ತರ ಕೊಟ್ಟೆ: "ಮೊದ್ಲು ಬಿಟ್ಟವ್ರು ಯಾರು? ನಿನ್ನ ಗಂಡನ್ನೇ ಕೇಳು." ಆಮೇಲೆ ಫೋನ್ ಎತ್ತಲಿಲ್ಲ. ಇಲ್ಲಿ ನಾನು ನಂದೊಳ್ಳಿಯವಳು, ಅಲ್ಲಿ ಹುಲೇಕಲ್ಲಿನವಳು.

ನಿನ್ನೆ ಆ ಹೆಣ್ಣುಮಂಗ ತನ್ನ ಮರಿಯೊಂದಿಗೆ ಮತ್ತೆ ಬೋನಿಗೆ ಬಿತ್ತು. ಬಾಲದಲ್ಲಿ ಬಣ್ಣಕ್ಕೆ ಇನ್ನು ಜಾಗವಿಲ್ಲ. ನಾಳೆ ಬೆಳಿಗ್ಗೆ ಪಿಕಪ್ ಗಾಡಿ ಬರುತ್ತದೆ, ಮಂಗಗಳು ಪುನಃ ನಿಮ್ಮೂರಿಗೇ. ಮುಂದಿನ ಸೀಟಿನಲ್ಲಿ ನಾನು ಕೂರಬೇಕಂತೆ. "ನಿಮ್ಮೂರವ್ರು ಅಡ್ಡ ಹಾಕಿದ್ರೆ, ತವರಿಗೆ ಹೊರಟಿದ್ದು ಅಂದ್ರಾಯ್ತು. ಊರ ಮಗಳು ಇರೋ ಗಾಡಿ ಯಾರು ತಡೀತಾರೆ?" ಎನ್ನುತ್ತಾರೆ ಇವರು. ಬರುವುದಿಲ್ಲವೆಂದರೆ ನಾನು ಅಣ್ಣನ ಕಡೆಯವಳು. ಹೋದರೆ ನಿನಗೆ ಮುಖ ತೋರಿಸುವುದು ಹೇಗೆ? ಅತ್ತೆ ನನ್ನ ಒಳ್ಳೆಯ ಸೀರೆಯನ್ನು ಆಗಲೇ ತೆಗೆದಿಟ್ಟಿದ್ದಾರೆ.

ಅತ್ತಿಗೆಗೆ ಬಿಸಿನೀರು ಕುಡಿಯಲು ಹೇಳು. ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ
ಪ್ರತಿಭಾ

ಮತ್ತೆ: ಬಸ್ಸು ಹಾರ್ನ್ ಹಾಕುತ್ತಿದೆ. ನಾಳೆ ಪಿಕಪ್ ಬರುವ ಮೊದಲೇ ಬೋನಿನ ಬಾಗಿಲು ತೆಗೆಯುತ್ತೇನೆ, ಇಲ್ಲೇ, ನಮ್ಮ ಅಂಗಳದಲ್ಲೇ. ತೀರ್ಮಾನಿಸಿಯಾಗಿದೆ, ಯಾರಿಗೂ ಹೇಳಿಲ್ಲ. ಆಮೇಲೆ ಈ ಮನೆಯಲ್ಲಿ ಏನಾಗುತ್ತದೋ ತಿಳಿಯದು. ನಾಳೆಯಾದರೂ ಫೋನ್ ಎತ್ತು.